ಒಂದು ಹಲ್ಲಿನಷ್ಟು

ಮುಳ್ಳು ಹದಿನಾಲ್ಕರ ಮೇಲೆ ನಿಂತಿತ್ತು. ನಡುಗಲಿಲ್ಲ, ಅತ್ತಿತ್ತ ಹೊಯ್ದಾಡಲೂ ಇಲ್ಲ. ಅಪ್ಪ ವ್ಯಾನಿನ ಎಂಜಿನ್ನಿಗೆ ಜೋಡಿಸಿದ್ದ ವ್ಯಾಕ್ಯೂಮ್ ಮೀಟರನ್ನು ಕಣ್ಣಿನ ಹತ್ತಿರ ತಂದು ನೋಡಿದ, ದೂರ ಹಿಡಿದು ನೋಡಿದ, ಕೊನೆಗೆ ಮಗಳ ಕಡೆ ಚಾಚಿದ.

"ಎಷ್ಟಿದೆ ನೋಡಮ್ಮ."

"ಹದಿನಾಲ್ಕು."

"ಹದಿನೆಂಟಾದ್ರೂ ಇರ್ಬೇಕಿತ್ತಲ್ಲ."

ಶಾಲೆಯ ವ್ಯಾನ್ ಓಡಿಸುವವನು ರಿಪೇರಿ ಶೆಡ್ಡಿನ ಬಾಗಿಲಿಗೆ ಒರಗಿ ನಿಂತಿದ್ದ. "ಎಂಜಿನ್ ಹೊಸದಾಗಿ ಕಟ್ಟಿಸಿದೀನಿ ಅಂತ ಮಕ್ಕಳ ಹತ್ರ ಜಂಬ ಕೊಚ್ಚಿದ್ದೆ ಯಜಮಾನ್ರೇ. ಈಗ ದಿಬ್ಬ ಬಂದ್ರೆ ಅವೇ, ಇಳಿದು ತಳ್ಳೋಣ್ವಾ ಅಂತ ಕೇಳ್ತಾವೆ. ಸೈಕಲ್‌ನವನು ಬೆಲ್ ಹೊಡ್ಕೊಂಡು ಮುಂದೆ ಹೋಗ್ತಾನೆ!"

ಅಪ್ಪ ನಗಲಿಲ್ಲ. ಮೂರು ತಿಂಗಳ ಹಿಂದೆ ಅವನ ಕಣ್ಣಿನ ಆಪರೇಷನ್ ಆಗಿತ್ತು. ಇನ್ನು ಮೇಲೆ ಎಂಜಿನ್ ಕೆಲಸ ನನಗಿರಲಿ, ನೀನು ಟೈರು, ಆಯಿಲ್ಲು ನೋಡಿಕೋ ಎಂದು ಅವಳ ಅಣ್ಣ ಆಗಲೇ ಹೇಳಿದ್ದ. ಅಪ್ಪ ಈ ಒಂದು ವ್ಯಾನನ್ನು ಹಟ ಹಿಡಿದು ಇಸಿದುಕೊಂಡಿದ್ದ. "ಇದೊಂದು ಕಟ್ತೀನಿ. ಎಡವಟ್ಟಾದ್ರೆ ಸ್ಪ್ಯಾನರ್ ನಿನ್ನ ಕೈಗೆ."

ಪೈಪುಗಳ ಸಂದಿಗೆ ಒಂದೊಂದೇ ತೊಟ್ಟು ಎಣ್ಣೆ ಬಿಟ್ಟು, ಸದ್ದು ಬದಲಾದೀತೇ ಎಂದು ಅಪ್ಪ ಕಿವಿಗೊಟ್ಟ. ಬದಲಾಗಲಿಲ್ಲ. ನಾಲ್ಕೂ ಸಿಲಿಂಡರಿನ ಒತ್ತಡ ಅಳೆದ. ಸ್ವಲ್ಪ ಕಡಿಮೆ, ಆದರೆ ಒಂದೇ ಸಮ.

"ಎಲ್ಲೂ ಗಾಳಿ ಎಳೀತಿಲ್ಲ. ಮುಳ್ಳು ಅಲ್ಲಾಡ್ತಿಲ್ಲ ಅಂದ್ರೆ ನಾಲ್ಕಕ್ಕೂ ಒಂದೇ ಕಾಯಿಲೆ," ಎಂದ. "ವಾಲ್ವ್‌ಗಳನ್ನ ಆಡಿಸೋ ಚೈನ್ ನೋಡ್ಬೇಕು."

ಅವಳ ಕಣ್ಣು ಮೂಲೆಯ ಹಳದಿ ಬಣ್ಣದ ಡಬ್ಬಿಯ ಕಡೆ ಹೋಯಿತು.

ಶಾಲೆ ಬಿಟ್ಟಾಗಿನಿಂದ ಶೆಡ್ಡಿನಲ್ಲಿ ಬಿಡಿಭಾಗ ತೊಳೆಯುವುದು ಅವಳ ಕೆಲಸ. ಈ ಹಳೇ ಎಂಜಿನ್ನಿನಲ್ಲಿ ಚೈನ್ ಕೂರುವ ಹಲ್ಲುಚಕ್ರದ ಮೇಲೆ ಕಂಪನಿಯ ಗುರುತು ಸವೆದುಹೋಗಿತ್ತು. ಬಿಚ್ಚುವ ಮೊದಲು ಅಪ್ಪ ಒಂದು ಹಲ್ಲಿಗೆ ಹಳದಿ ಬಣ್ಣದ ಚುಕ್ಕೆ ಇಟ್ಟಿದ್ದ. ಕಟ್ಟುವಾಗ ಆ ಚುಕ್ಕೆ ಎಂಜಿನ್ನಿನ ಗೆರೆಗೆ ಕೂಡಬೇಕು. ಬಣ್ಣದ ಮೇಲೆ ಬ್ರಷ್ ಆಡಿಸಬೇಡ ಎಂದೂ ಹೇಳಿದ್ದ. ಸೀಮೆಎಣ್ಣೆಯಲ್ಲಿ ನೆನೆದ ಚುಕ್ಕೆ ಅವಳ ಬ್ರಷ್ಷಿನ ಒಂದೇ ಎಳೆತಕ್ಕೆ ಹೋಗಿಬಿಟ್ಟಿತ್ತು. ಬೈಸಿಕೊಳ್ಳುವ ಭಯಕ್ಕೆ, ಅದೇ ಡಬ್ಬಿಯ ಬಣ್ಣ ತೆಗೆದು ಅದೇ ಹಲ್ಲು ಎಂದುಕೊಂಡು ಮತ್ತೆ ಇಟ್ಟಿದ್ದಳು.

ಈಗ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅಣ್ಣ ಒಳಗೆ ಬಂದ.

"ಏನಪ್ಪಾ, ನಿನ್ನ ಪೇಷೆಂಟ್ ಎದ್ದು ಕೂತ್ನಾ?"

ಅವಳು ಚಿಂದಿಬಟ್ಟೆ ಹಿಂಡುತ್ತ ತಲೆ ತಗ್ಗಿಸಿದಳು.

ಮುಚ್ಚಳ ಬಿಚ್ಚುವ ಹೊತ್ತಿಗೆ ಮಧ್ಯಾಹ್ನವಾಯಿತು. ಹಳದಿ ಚುಕ್ಕೆ ಗೆರೆಯ ಮೇಲೆ ಸರಿಯಾಗಿ ಕೂತಿತ್ತು. ಅಪ್ಪ ಮೊದಲ ಪಿಸ್ಟನನ್ನು ಮೇಲಕ್ಕೆ ತಂದು, ವಾಲ್ವುಗಳನ್ನು ಬೆರಳಿನಿಂದ ಮುಟ್ಟಿ, ತುಂಬ ಹೊತ್ತು ಬಗ್ಗಿಯೇ ಇದ್ದ.

"ಚುಕ್ಕೆ ಸರಿಯಾಗಿ ಕೂಡಿದೆ. ವಾಲ್ವ್ ಒಂದು ಹಲ್ಲು ಹಿಂದಿದೆ," ಎಂದ ಮೆಲ್ಲಗೆ. "ಬಿಚ್ಚುವಾಗಲೇ ಚುಕ್ಕೆನ ಪಕ್ಕದ ಹಲ್ಲಿಗೆ ಇಟ್ಟಿದೀನಿ ಕಣೋ. ಕಂಡಿಲ್ಲ ನಂಗೆ."

ಅಣ್ಣ ಕುಟುಕಲಿಲ್ಲ. "ಆಗತ್ತೆ ಬಿಡಪ್ಪ," ಎಂದ. ಆ ಮೆತ್ತನೆಯ ದನಿ ಅವಳಿಗೆ ಸಹಿಸಲಾಗಲಿಲ್ಲ. ಬಾಯಿ ತೆರೆದಳು.

"ಒಂದು ಹಲ್ಲಿಗೆ ಇಷ್ಟು ಪಾಡಾ!" ವ್ಯಾನಿನವನು ನಡುವೆ ಬಾಯಿ ಹಾಕಿದ. "ನಂಗೆ ನಾಲ್ಕು ಹಲ್ಲಿಲ್ಲ, ನಾನು ಓಡಾಡ್ತಿಲ್ವಾ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವಳು ತೊಳೆಯಬೇಕಿದ್ದ ಮುಚ್ಚಳ ಎತ್ತಿಕೊಂಡು ಹಿಂದಕ್ಕೆ ಹೋದಳು.

ಅಪ್ಪ ಚೈನ್ ಒಂದು ಹಲ್ಲು ಸರಿಸಿ ಕೂರಿಸಿದ. ಮುಳ್ಳು ಹದಿನೆಂಟೂವರೆಗೆ ಏರಿತು. ವ್ಯಾನು ಎದುರಿನ ದಿಬ್ಬವನ್ನು ಎರಡನೇ ಗೇರಿಗೂ ಇಳಿಯದೆ ಹತ್ತಿತು. ಅದು ಮರೆಯಾದ ಮೇಲೆ ಅಪ್ಪ ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ, ಅಣ್ಣನ ಮೇಜಿನ ಮೇಲೆ ಸಾಲಾಗಿ ಇಟ್ಟ.

ಮರುದಿನ ಬೆಳಿಗ್ಗೆ ಅಣ್ಣ ಇನ್ನೂ ಬಂದಿರಲಿಲ್ಲ. ಅಪ್ಪ ಗಾಳಿಯ ಮೆಷಿನ್ನಿನ ಪಕ್ಕ ಸ್ಟೂಲು ಹಾಕಿಕೊಳ್ಳುತ್ತಿದ್ದ.

"ಅಪ್ಪಾ, ಆ ಚುಕ್ಕೆ ನೀನಿಟ್ಟಿದ್ದಲ್ಲ. ತೊಳೆಯುವಾಗ ಅಳಿಸಿಹೋಯ್ತು. ನಾನೇ ಮತ್ತೆ ಇಟ್ಟೆ."

ಅಪ್ಪ ಅವಳನ್ನೇ ನೋಡಿದ. "ಹಂಗಾದ್ರೆ ನಿನ್ನೆ ಯಾಕೆ ಹೇಳ್ಲಿಲ್ಲ?"

ಅವಳು ನೆಲದ ಎಣ್ಣೆಕಲೆಯನ್ನು ಪಾದದಿಂದ ಉಜ್ಜಿದಳು.

ಅಪ್ಪನ ಮುಖ ಸಡಿಲಾಯಿತು. "ರಾತ್ರಿಯೆಲ್ಲ ಕೂತು ಇದನ್ನ ಹೊಸೆದ್ಯಾ? ನನಗೋಸ್ಕರ ನೀನು ತಪ್ಪು ಹೊತ್ಕೋಬೇಡ ಮಗಳೇ."

"ನಿಜ ಅಪ್ಪಾ. ಆಣೆಗೂ ನಿಜ."

"ಆಯ್ತಮ್ಮ, ನಿಜ." ಜ್ವರ ಬಂದ ಮಗುವಿನ ಮಾತಿಗೆ ಹೂಂಗುಟ್ಟುವ ಹಾಗೆ ಅಂದು, ಅವಳ ತಲೆ ನೇವರಿಸಿದ.

ಒಂದು ಸ್ಕೂಟರ್ ಬಂದು ನಿಂತಿತು. ಹಿಂದಿನ ಚಕ್ರದಲ್ಲಿ ಗಾಳಿ ನಿಲ್ಲುತ್ತಿಲ್ಲವಂತೆ. ಅಪ್ಪ ಗಾಳಿ ತುಂಬಿದ. ಆಮೇಲೆ ಚಕ್ರದ ನಳಿಗೆಯ ಬಾಯಿಗೆ ಬೆರಳಿನಿಂದ ನೀರು ಹಚ್ಚಿ, ಮೂಗು ರಬ್ಬರಿಗೆ ತಾಗುವಷ್ಟು ಬಗ್ಗಿ, ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತ ಕುಳಿತ.