ಎಡಗಿವಿ ಮನೆಗೆ

ಸುರೇಖಾ ನಡೆಯುವಾಗ ತಲೆ ತುಸು ಬಲಕ್ಕೆ ವಾಲಿರುತ್ತದೆ, ಎಡಗಿವಿ ಮುಂದಾಗಿರುತ್ತದೆ. ಬೀದಿಯಲ್ಲಿ ಎದುರಾದವರಿಗೆ ಆಕೆ ಯಾರದೋ ಗುಟ್ಟನ್ನು ಕದ್ದು ಕೇಳುತ್ತ ಹೊರಟಿದ್ದಾಳೆ ಅನ್ನಿಸಬೇಕು. ಕಾರಟಗಿಯಲ್ಲಿ ಅವರ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದ ಮೊದಲ ವರ್ಷ ಅದನ್ನು ಕತ್ತು ನೋವೆಂದೇ ತಿಳಿದು, ನನ್ನಲ್ಲಿದ್ದ ನೋವಿನೆಣ್ಣೆಯ ಸೀಸೆಯೊಂದನ್ನು ಕೊಟ್ಟಿದ್ದೆ. ಆಕೆ ಮುಚ್ಚಳ ತೆಗೆದು ಮೂಸಿದಳು, ಸೀಸೆಯನ್ನು ಬೆಳಕಿಗೆ ಹಿಡಿದಳು, ತಳವನ್ನು ತಿರುಗಿಸಿ ನೋಡಿದಳು, ಕೊನೆಗೆ, ಇದನ್ನು ನನಗೆ ಯಾಕೆ ಕೊಡುತ್ತಿದ್ದೀರಿ ಎಂದು ಕೇಳಿದಳು. ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತೆಗೆದುಕೊಳ್ಳುವುದು ಆಕೆಯ ಜಾಯಮಾನದಲ್ಲಿಲ್ಲ.

ಕತ್ತು ವಾಲಿದ್ದರ ಕಾರಣ ನನಗೆ ತಿಳಿದದ್ದು ಒಂದು ಗೂಢಚಾರಿಕೆಯಿಂದ. ಅದಕ್ಕೆ ನನ್ನನ್ನು ನೇಮಿಸಿದವರು ಆಕೆಯ ಅತ್ತೆ ಕಳಕಮ್ಮ. ಮೊಣಕಾಲು ಹಿಡಿದುಕೊಂಡು ಹಗಲೆಲ್ಲ ಪಡಸಾಲೆಯ ಮಂಚದ ಮೇಲೆ ಕೂತಿರುವ ಈ ಮುದುಕಿ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, ದನಿ ತಗ್ಗಿಸಿ ಹೇಳಿದರು: “ಊಟ ಆತಂದ್ರ ಕಿವಿಗೆ ಅದನ್ನ ಹಾಕ್ಕೊಂಡು ಕುಂದರ್ತಾಳ. ಯಾರ ಕೂಡ ಮಾತಾಡ್ತಾಳ ನೋಡವಾ. ನೀ ಕಥಿ ಬರಿಯಾಕಿ, ನಿನಗ ತಿಳಿತೈತಿ.”

ಮೊಸರಿಗೆ ಹೆಪ್ಪು ಬೇಕೆಂಬ ನೆಪ ಮಾಡಿಕೊಂಡು ಒಳಗೆ ಹೋದೆ. ಅಡುಗೆಮನೆಗೂ ಪಡಸಾಲೆಗೂ ನಡುವಿನ ಓಣಿಯಂಥ ಜಾಗದಲ್ಲಿ, ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಸುರೇಖಾ ನೈಟಿಯ ಹೆಗಲಿಗೆ ಟವೆಲ್ ಹಾಕಿಕೊಂಡು ಅದರ ಮುಂದೆ ಕೂತಿದ್ದಳು. ಹೆಡ್‌ಫೋನಿನ ಒಂದು ಬದಿ ಬಲಗಿವಿಯನ್ನು ಮುಚ್ಚಿತ್ತು. ಇನ್ನೊಂದನ್ನು ಎಡಗಿವಿಯ ಹಿಂದಕ್ಕೆ ಸರಿಸಿದ್ದಳು. “ಬಂದ, ಬಂದ. ಗ್ವಾಡಿ ಹಿಂದ ಅದಾನ. ಉಸರು ಬಿಡಬ್ಯಾಡ,” ಎಂದು ತನಗೆ ತಾನೇ ಪಿಸುಗುಡುತ್ತಿದ್ದಳು. ಮುದುಕಿಯ ಸಂಶಯವನ್ನು ನಾನೂ ಅರೆಕ್ಷಣ ನಂಬಿದೆ ಎಂದು ಒಪ್ಪಿಕೊಳ್ಳುವುದೇ ಒಳ್ಳೆಯದು. ಆಮೇಲೆ ಪರದೆಯ ಮೇಲಿನ ಬಂದೂಕು ಕಂಡಿತು. ಅಷ್ಟರಲ್ಲಿ ಕುಕ್ಕರ್ ಮೂರನೆಯ ಸಲ ಕೂಗಿತು. ಆಕೆ ಕಣ್ಣು ತಿರುಗಿಸದೆ, ನಾನು ಹಿಂದೆ ನಿಂತದ್ದನ್ನು ಯಾವಾಗ ಗಮನಿಸಿದಳೋ, “ಅಕ್ಕಾರ, ಒಲಿ ಆರಸ್ರಿ,” ಅಂದಳು. ಅನ್ನುತ್ತಿರುವಾಗಲೇ ಪರದೆಯ ಎಡಬದಿಯಿಂದ ಯಾರೋ ಬಂದು ಆಕೆಯನ್ನು ಕೊಂದರು. ಕೈಯನ್ನು ಟವೆಲಿಗೆ ಒರೆಸಿಕೊಂಡು ಎದ್ದು, ಕುಕ್ಕರ್ ಇಳಿಸಲು ಹೋದಳು.

ನಿಮ್ಮ ಸೊಸೆ ಯಾರೊಂದಿಗೂ ಮಾತಾಡುತ್ತಿಲ್ಲ, ಬರೀ ಸಾಯುತ್ತಿದ್ದಾಳೆ ಎಂದು ಕಳಕಮ್ಮನವರಿಗೆ ವರದಿ ಒಪ್ಪಿಸಿದೆ. “ಸಾಯಾಕ ಯಾರರ ಮಾರಿ ತೊಳಕೊಂಡು, ಟವೆಲ್ ಹಾಕ್ಕೊಂಡು ಕುಂದರ್ತಾರೇನು?” ಎಂದು ಅವರು ನನ್ನ ಮೇಲೂ ಸಂಶಯಪಟ್ಟರು.

ಕಂಪ್ಯೂಟರನ್ನು ಕೊಂಡದ್ದು ಗಂಡ ಕೊಟ್ರೇಶ. ಅಕ್ಕಿ ಮಿಲ್ಲಿನಲ್ಲಿ ಮೇಲ್ವಿಚಾರಕನಾಗಿರುವ, ಯಾರ ಮನಸ್ಸನ್ನೂ ನೋಯಿಸದ ಸಾಧು ಮನುಷ್ಯ. ಭಾನುವಾರ ಅವನು ಎರಡೂ ಕಿವಿ ಮುಚ್ಚಿಕೊಂಡು, ಕಾಲನ್ನು ಸ್ಟೂಲಿನ ಮೇಲಿಟ್ಟು ಆಡುತ್ತಾನೆ. ಆಗ ಬಾಗಿಲು ಬಡಿದರೆ, ನಳಕ್ಕೆ ನೀರು ಬಂದರೆ, ಅವ್ವ ಕರೆದರೆ ಅವನಿಗೆ ಕೇಳಿಸುವುದಿಲ್ಲ, ಕೇಳಿಸಬೇಕಾದ ಅಗತ್ಯವೂ ಇಲ್ಲ. ಅವನ ಎರಡು ಕಿವಿಗಳ ನಿಶ್ಚಿಂತೆ ನಿಂತದ್ದು ಹೆಂಡತಿಯ ಕಿವಿಗಳ ಮೇಲೆ. ಚಹಾದ ಲೋಟ ಹಿಡಿದು ಅವನ ಬೆನ್ನ ಹಿಂದೆ ನಿಂತು ನಿಂತೇ ಆಕೆ ಆಟ ಕಲಿತದ್ದು. ಈಗ ವಾರದ ಆರು ದಿನ ಕೀಬೋರ್ಡು ಆಕೆಯದು. ನಾಲ್ಕು ಅಕ್ಷರಗಳು ಅಳಿಸಿಹೋಗಿ, ಸಂದುಗಳಲ್ಲಿ ಜೋಳದ ಹಿಟ್ಟು ಕೂತಿದೆ. ಮೌಸ್ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಹೊಡೆಯುತ್ತದೆ.

ಶೂಟಿಂಗ್ ಆಟಗಳ ಬಗ್ಗೆ ಆಕೆಯ ಅಭಿಪ್ರಾಯ ಹುಟ್ಟಿದ್ದು ಹೀಗೆ ಮನೆಗೊಂದು ಕಿವಿ ಕೊಟ್ಟು ಆಡಿದ್ದರಿಂದಲೇ. ಆ ಆಟದಲ್ಲಿ ಕಣ್ಣಿಗಿಂತ ಕಿವಿ ಮುಖ್ಯವಂತೆ. ಶತ್ರುವಿನ ಹೆಜ್ಜೆಯ ಸಪ್ಪಳ ಯಾವ ಬದಿಯ ಕಿವಿಯಲ್ಲಿ ಕೇಳಿಸಿತು ಎಂಬುದರ ಮೇಲೆ ಬದುಕು ಸಾವು. ಎಡಗಿವಿಯನ್ನು ಅಡುಗೆಮನೆಗೆ ಬಿಟ್ಟುಕೊಟ್ಟ ಸುರೇಖಾ ಯಾವಾಗಲೂ ಎಡದಿಂದಲೇ ಸಾಯುತ್ತಾಳೆ. ಗುರಿ ಮಾತ್ರ ಅದ್ಭುತ. ಆದ್ದರಿಂದ ಆಕೆಯ ತಂಡದ ಹುಡುಗರಿಗೆ ಆಕೆ ಒಂದು ಒಗಟಾಗಿದ್ದಳು. ತಂಡದ ಮುಂದಾಳು ಸಿದ್ದಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಖಲಂದರ. ಮಾತಾಡದೆ ಬರೀ ಅಕ್ಷರ ಒತ್ತಿ ಕಳಿಸುವ ಈ ಆಟಗಾರನನ್ನು ಅವನು ಗಂಡಸೆಂದೇ ತಿಳಿದು ‘ಎಡಗಿವುಡಣ್ಣ’ ಎಂದು ಹೆಸರಿಟ್ಟಿದ್ದ. ಆಕೆ ತಿದ್ದಲಿಲ್ಲ. ಹೆಂಗಸೆಂದು ತಿಳಿದರೆ ಮರುದಿನದಿಂದ ಅವರ ಒಳ್ಳೆಯತನವೇ ಬೇರೆ ಥರದ್ದಾಗುತ್ತದೆ, ಅದು ತನಗೆ ಬೇಡ ಅನ್ನುತ್ತಿದ್ದಳು.

“ಈ ಆಟಕ್ಕ ನಿಲ್ಲಸೋ ಗುಂಡೀನ ಇಲ್ಲ ನೋಡ್ರಿ ಅಕ್ಕಾರ,” ಎಂದು ಒಮ್ಮೆ ಹೇಳಿದಳು. “ಮಾಡಿದವರಿಗೆ ಯಾರೋ ಕುಂತಲ್ಲೇ ಊಟದ ಗಂಗಾಳ ತಂದು ಇಟ್ಟಾರ.”

ದೊಡ್ಡ ಕಂಪನಿಗಳ ನೆರಳಿಲ್ಲದೆ ಒಬ್ಬಿಬ್ಬರೇ ಕೂತು ಮಾಡುವ ಇಂಡೀ ಆಟಗಳಲ್ಲಿ ಆ ಗುಂಡಿ ಇರುತ್ತದೆ. ಹಾಲು ಉಕ್ಕುವ ಹೊತ್ತಿಗೆ ಲೋಕವನ್ನು ಇದ್ದಲ್ಲೇ ನಿಲ್ಲಿಸಿ ಹೋಗಬಹುದು. ಮರಳಿ ಬಂದಾಗ ಹಕ್ಕಿ ಅದೇ ರೆಕ್ಕೆ ಬಿಚ್ಚಿಕೊಂಡು ಆಕಾಶದಲ್ಲಿ ಕಾದಿರುತ್ತದೆ. ಹಾಗಾಗಿ ಆಕೆ ಅವನ್ನು ಮನಸಾರೆ ಮೆಚ್ಚುತ್ತಾಳೆಂದು ನಾನು ಭಾವಿಸಿದ್ದೆ. ಅಲ್ಲಿಯೂ ಸಂಶಯವೇ. ಒಕ್ಕಲುತನದ ಆಟವೊಂದನ್ನು ಕೊಟ್ರೇಶ ತಂದು, ಇದನ್ನು ಒಬ್ಬನೇ ಮನುಷ್ಯ ನಾಲ್ಕು ವರ್ಷ ಕೋಣೆಯಲ್ಲಿ ಕೂತು ಮಾಡಿದ್ದಾನೆ ಎಂದು ಭಕ್ತಿಯಿಂದ ಹೇಳಿದಾಗ, ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ನಾಕು ವರ್ಸ ಅವಗ ಅನ್ನ ಯಾರು ಮಾಡಿ ಹಾಕಿದ್ರಂತ?” ಎಂದು ಕೇಳಿದಳು. ಆಟವನ್ನು ಆಡಿಯೂ ನೋಡಿದಳು. ಎಂಟು ದಿನಕ್ಕೆ ಬೆಳೆ ಕೈಗೆ ಬರುತ್ತಿತ್ತು. ನಾಟಿ ಹಚ್ಚಲು ಬಗ್ಗಿದ ಒಂದು ಹೆಣ್ಣಿನ ನಡುವೂ ಆ ಗದ್ದೆಯಲ್ಲಿರಲಿಲ್ಲ. ನಾಲೆಯ ನೀರಿನ ಈ ಸೀಮೆಯಲ್ಲಿ ಕೂತು ಅದನ್ನು ಹೇಗೆ ನಂಬಬೇಕು? ಇನ್ನೊಂದು ಅಡುಗೆಯ ಆಟದಲ್ಲಿ ಊಟವಾದ ಕೂಡಲೇ ಪಾತ್ರೆಗಳು ಮಾಯವಾದವು. ಮುಸುರಿ ಎಲ್ಲಿ ಹೋಯಿತು ಎಂದು ಪರದೆಯ ಮೂಲೆ ಮೂಲೆಯನ್ನು ಹುಡುಕಿ, ಆ ಆಟವನ್ನು ಮತ್ತೆ ತೆರೆಯಲಿಲ್ಲ.

ಅಂದಿನಿಂದ ಆಕೆಗೊಂದು ಹಟದ ರೂಢಿ ಬೆಳೆಯಿತು. ಯಾವ ಇಂಡೀ ಆಟವನ್ನಾದರೂ ಕೊಳ್ಳುವ ಮುಂಚೆ, ಬೇರೆ ಯಾರೋ ಆಡಿ ಮುಗಿಸಿದ ವಿಡಿಯೋ ಹುಡುಕಿ, ತುದಿಯಲ್ಲಿ ಹರಿಯುವ ಹೆಸರುಗಳ ಪಟ್ಟಿಯನ್ನು ಮೊದಲು ನೋಡುತ್ತಾಳೆ. ಬೇಯಿಸಿ ಹಾಕಿದವರ ಹೆಸರು ಅದರಲ್ಲಿ ಇದೆಯೇ ಎಂಬುದೊಂದೇ ಆಕೆಗೆ ಬೇಕಾದದ್ದು. ಬಹುಪಾಲು ಇರುವುದಿಲ್ಲ. ಹೊಳೆ ದಾಟಿಸುವ ಅಂಬಿಗರ ಕಥೆಯ ಆಟವೊಂದರಲ್ಲಿ ಮಾತ್ರ, ಎಲ್ಲ ಹೆಸರುಗಳೂ ಮುಗಿದ ಮೇಲೆ, ಮೂರು ವರ್ಷ ಉಣಬಡಿಸಿದ ಅವ್ವನಿಗೆ, ಬಟ್ಟೆ ಒಗೆದುಕೊಟ್ಟ ಅಕ್ಕನಿಗೆ ಎಂಬ ಇಂಗ್ಲಿಷ್ ಸಾಲಿತ್ತು. ಅದನ್ನು ನಿಲ್ಲಿಸಿಟ್ಟು, ಮೆಟ್ಟಿಲ ಬುಡದಿಂದ ನನ್ನನ್ನು ಕೂಗಿ ಕರೆದು, ಎರಡು ಸಲ ಓದಿಸಿ ಅರ್ಥ ಹೇಳಿಸಿಕೊಂಡಳು. “ಸುಳ್ಳೂ ಇರಬಹುದು. ಬರೀಬೇಕು ಅಂತಾದ್ರೂ ಅನಿಸೇತಲಾ,” ಅಂದಳು. ಸೇಲ್ ಬರುವವರೆಗೆ ಕಾಯದೆ ಪೂರಾ ಬೆಲೆ ಕೊಟ್ಟು ಆಕೆ ಕೊಂಡ ಆಟ ಅದೊಂದೇ.

ಸೇಲ್ ಎಂಬ ಶಬ್ದ ಕೇಳಿದರೆ ಆಕೆಯ ನಾಲಿಗೆಗೆ ಗೋಂದಿನ ರುಚಿ ಬರುತ್ತದಂತೆ. ತವರು ಕುಷ್ಟಗಿ, ಅಪ್ಪ ಸೀರೆ ಅಂಗಡಿಯ ಗುಮಾಸ್ತ. ಆಷಾಢದ ಸೇಲಿಗೆ ವಾರವಿರುವಾಗ ಅಂಗಡಿಯ ಗಂಟುಗಳು ಮನೆಗೆ ಬರುತ್ತಿದ್ದವು, ಅವ್ವನೂ ಮಗಳೂ ಕೂತು ಹಳೆಯ ಬೆಲೆಚೀಟಿಗಳ ಮೇಲೆ ಹೆಚ್ಚಿನ ಬೆಲೆಯ ಹೊಸ ಚೀಟಿಗಳನ್ನು ನೆಕ್ಕಿ ನೆಕ್ಕಿ ಅಂಟಿಸುತ್ತಿದ್ದರು. ಆ ಕೆಲಸಕ್ಕೆ ಅವ್ವನಿಗೆ ಯಾರೂ ಏನೂ ಕೊಡಲಿಲ್ಲ. ಇವತ್ತಿಗೂ ಪರದೆಯ ಮೇಲೆ ಮುಕ್ಕಾಲು ಭಾಗ ರಿಯಾಯಿತಿ ಎಂದು ಮೂಡಿದರೆ, ಸುರೇಖಾಳ ಹೆಬ್ಬೆರಳಿನ ಉಗುರು ತಾನಾಗಿ ಹೋಗಿ ಅಂಕಿಯನ್ನು ಕೆರೆಯುತ್ತದೆ, ಕೆಳಗೆ ಹಳೆಯ ಚೀಟಿ ಇದ್ದೀತೆಂಬಂತೆ. ಪರದೆಗೆ ಅಲ್ಲೊಂದು ಗೀರು ಬಿದ್ದಿದೆ. ಕೊಟ್ರೇಶನೋ ಸೇಲಿನ ದಾಸ. ಕೊಂಡದ್ದು ನಲವತ್ತು ಆಟ, ತೆರೆದದ್ದು ಆರು. ಆಕೆ ಅವನಿಗೆ ಹೇಳಿದ ಮಾತು ನನಗಿನ್ನೂ ನೆನಪಿದೆ: “ಅಗ್ಗ ಆಗಿದ್ದು ಆಟ ರೀ. ಆಡೋ ಹೊತ್ತು ಯಾರು ಅಗ್ಗ ಮಾಡ್ಯಾರ?”

ಕಳೆದ ವರ್ಷ ಗಂಗಾವತಿಯಲ್ಲಿ ಗೇಮಿಂಗ್ ಅಂಗಡಿಯವರೊಬ್ಬರು ಶೂಟಿಂಗ್ ಪಂದ್ಯ ಏರ್ಪಡಿಸಿದರು. ಅವರವರ ಮನೆಯಿಂದಲೇ ಆಡುವುದು. ಖಲಂದರನ ತಂಡ ಕೊನೆಯ ನಾಲ್ಕರೊಳಗೆ ಬಂದಿತ್ತು. ಪಂದ್ಯದ ಹಿಂದಿನ ದಿನ ಅವನು ಎಡಗಿವುಡಣ್ಣನಿಗೆ ಎಚ್ಚರಿಕೆ ಬರೆದ: ಇನ್ನೊಮ್ಮೆ ಎಡಗಡೆಯಿಂದ ಸತ್ತರೆ ನಿನ್ನ ಜಾಗಕ್ಕೆ ಬೇವೂರಿನ ಹುಲಿಗೆಪ್ಪನನ್ನು ತೆಗೆದುಕೊಳ್ಳುತ್ತೇವೆ, ಬೇಸರ ಬೇಡ. ಮೂರು ವರ್ಷ ಕಷ್ಟಪಟ್ಟು ಗಳಿಸಿದ ಜಾಗ ಅದು. ಹೆಂಡತಿ, ಸೊಸೆ ಎಂಬ ಯಾವ ಗುರುತೂ ಇಲ್ಲದೆ, ಬರೀ ಗುರಿಯ ಬಲದಿಂದ ಸಿಕ್ಕ ಜಾಗ. ಸುರೇಖಾ ಗಂಡನನ್ನು ಕೂರಿಸಿಕೊಂಡು, ಭಾನುವಾರ ಮೂರರಿಂದ ನಲವತ್ತು ನಿಮಿಷ ಮನೆಯನ್ನು ನೀವು ಕೇಳಿಸಿಕೊಳ್ಳಬೇಕು ಅಂದಳು. ಅವನು ನಕ್ಕು, ಅಷ್ಟರಲ್ಲಿ ಮನಿ ಎಲ್ಲಿಗೂ ಓಡಿ ಹೋಗಾಂಗಿಲ್ಲ ಅಂದ. ಆಕೆ ನಗಲಿಲ್ಲ. ಹಸನಬೀ ತರುವ ಮೂರು ಗಂಟೆಯ ಎಮ್ಮೆಹಾಲು ಉಕ್ಕುವ ಮುಂಚೆ ಹೇಗೆ ಸುಯ್ಯೆನ್ನುತ್ತದೆ, ನೀರು ಬರುವ ಮುಂಚೆ ನಳ ಹೇಗೆ ಕೆಮ್ಮುತ್ತದೆ, ಅತ್ತೆ ಬಚ್ಚಲಿಗೆ ಕರೆಯುವ ದನಿಗೂ ಸುಮ್ಮನೆ ಕರೆಯುವ ದನಿಗೂ ಏನು ವ್ಯತ್ಯಾಸ, ಎಲ್ಲವನ್ನೂ ಪಾಠ ಮಾಡಿದಳು.

ಆ ಭಾನುವಾರ ನಾನು ಕಳಕಮ್ಮನವರಿಗೆ ಪೇಪರ್ ಓದಿ ಹೇಳುತ್ತ ಅವರ ಮಂಚದ ಮೇಲೆ ಕೂತಿದ್ದೆ. ಅಲ್ಲಿಂದ ಸುರೇಖಾಳ ಬೆನ್ನೂ ಪರದೆಯೂ ಕಾಣುತ್ತವೆ. ಆಕೆ ಹೆಡ್‌ಫೋನಿನ ಎರಡು ಬದಿಗಳನ್ನೂ ಕಿವಿಗಳ ಮೇಲೆ ಇಳಿಸಿದಳು, ಮತ್ತು ಅಷ್ಟು ವರ್ಷಗಳಲ್ಲಿ ಮೊದಲ ಸಲ ಆಕೆಯ ಕತ್ತು ನೆಟ್ಟಗೆ ನಿಂತದ್ದನ್ನು ನಾನು ಕಂಡೆ. ಎಡದಿಂದ ಬಂದವರನ್ನೆಲ್ಲ ಹೊರಳಿ ಹೊರಳಿ ಹೊಡೆದಳು. “ಎಡಕ್ಕೂ ಒಂದು ಊರ ಐತ್ರಿ ಅಕ್ಕಾರ,” ಎಂದು ಆಮೇಲೆ ನನಗೆ ಹೇಳಿದಳು. ಆಟದ ಆ ಬದಿಯಲ್ಲಿ ತಗಡಿನ ಮೇಲೆ ಮಳೆ ಬೀಳುತ್ತಿತ್ತಂತೆ, ಮೂರು ವರ್ಷದಿಂದ ಬೀಳುತ್ತಲೇ ಇತ್ತೇನೋ.

ಕೊಟ್ರೇಶ ಅಡುಗೆಮನೆಯಲ್ಲಿ ಹಾಲಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದ. ಹತ್ತು ನಿಮಿಷವಾಗಿರಬೇಕು, ಕಳಕಮ್ಮ ಮೆಲ್ಲಗೆ “ಕೊಟ್ರ್ಯಾ” ಅಂದರು. ಅವನಿಗೆ ಕೇಳಿಸಲಿಲ್ಲ. ಹಾಲನ್ನು ನೋಡುವ ಕೆಲಸ ಸಿಕ್ಕ ಗಂಡಸು ಹಾಲನ್ನು ಬಿಟ್ಟು ಬೇರೇನನ್ನೂ ಕೇಳಲಾರ. ನಾನು ಏಳಲು ಹೋದೆ. ಮುದುಕಿ ನನ್ನ ಮುಂಗೈ ಹಿಡಿದು ಚಿವುಟಿದರು.

“ಕುಂದ್ರು. ನೀ ಎದ್ರ ಮಂಚ ಕಿರ್ ಅಂತೈತಿ. ಎರಡೂ ಕಿವಿ ಮುಚ್ಚಿದ್ರೂ ಆಕಿಗೆ ಅದು ಕೇಳಸ್ತೈತಿ.”

“ಮತ್ತ ನಿಮಗ ಬಚ್ಚಲಕ್ಕ?”

“ಹಿಡಕೊಂತೀನಿ. ಆಡ್ಲಿ ಬಿಡವಾ. ಸಾಯದಾಂಗ ಆಡ್ಲಿ ಒಂದಿನ.”

ತಾಸಿಗೆ ಹತ್ತು ಸಲ ಸೊಸೆಯ ಹೆಸರು ಹಿಡಿದು ಕರೆಯುವ ಕಳಕಮ್ಮ, ಕಾಲು ಹೆಣೆದುಕೊಂಡು, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕೂತರು. ಮನೆ ನಿಶ್ಶಬ್ದವಾಯಿತು. ಪರದೆಯ ಮೇಲೆ ಕೊನೆಯ ಸುತ್ತು. ತಂಡದಲ್ಲಿ ಸುರೇಖಾ ಒಬ್ಬಳೇ ಉಳಿದಿದ್ದಳು, ಎದುರಿಗೂ ಒಬ್ಬನೇ. ಆಗ ಆಕೆಯ ಕತ್ತು ನಿಧಾನವಾಗಿ ಬಲಕ್ಕೆ ವಾಲಲು ತೊಡಗಿದ್ದನ್ನು ನೋಡಿದೆ. ಎಡಗೈ ಕೀಬೋರ್ಡು ಬಿಟ್ಟು ಮೇಲೆದ್ದಿತು. ಹೆಡ್‌ಫೋನಿನ ಎಡಬದಿಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ಮನೆಯನ್ನು ಆಲಿಸಿದಳು. ಏನೂ ಇರಲಿಲ್ಲ. ಮರುಗಳಿಗೆ ಪರದೆಯ ಎಡದಿಂದ ಅವನು ಬಂದ.

ಆಕೆ ನೇರವಾಗಿ ಮಂಚದ ಬಳಿಗೆ ಬಂದಳು.

“ಯಾಕ ಕರೀಲಿಲ್ಲಬೇ ಅತ್ತಿ? ಇಷ್ಟೊತ್ತು ಆತು, ಒಂದ ಸಲಾನೂ ಕರೀಲಿಲ್ಲ. ನಾ ಏನ ತಿಳಕೊಳ್ಳಿ?”

“ಮೊದ್ಲು ನನ್ನ ಬಚ್ಚಲಕ್ಕ ಕರಕೊಂಡು ನಡಿ. ಆಮ್ಯಾಲ ತಿಳಕೊಳ್ಳುವಂತಿ.”

ಆಗ ಆಕೆಗೆ ಎಲ್ಲವೂ ಅರ್ಥವಾಯಿತೆಂದು ಕಾಣುತ್ತದೆ. ಮುದುಕಿಯ ಬಗಲಿಗೆ ಕೈಕೊಟ್ಟು ಎಬ್ಬಿಸುತ್ತ, ಬೈಯುವ ದನಿಯಲ್ಲಿಯೂ ಅಲ್ಲ, ಅಳುವ ದನಿಯಲ್ಲಿಯೂ ಅಲ್ಲ, “ಒಂದ ಸಲ ಕರದಿದ್ರ ಗೆದ್ದಿರ್ತಿದ್ದೆ,” ಅಂದಳು. ಕಳಕಮ್ಮ ಹೆಜ್ಜೆ ನಿಲ್ಲಿಸಿ ಸೊಸೆಯ ಮುಖ ನೋಡಿ, “ಸುಮ್ಮಿದ್ರೂ ನಂದ ತಪ್ಪೇನವಾ,” ಎಂದು ಗೊಣಗಿದರು.

ಸುರೇಖಾಳ ಜಾಗಕ್ಕೆ ಹುಲಿಗೆಪ್ಪ ಬಂದ. ಹಾಲು ಉಕ್ಕಿರಲಿಲ್ಲ, ಕೊಟ್ರೇಶ ಅದನ್ನು ಮಿಲ್ಲಿನಲ್ಲಿ ಒಂದು ತಿಂಗಳು ಹೇಳಿಕೊಂಡು ತಿರುಗಿದ. ಸುರೇಖಾ ಈಗಲೂ ಮಧ್ಯಾಹ್ನ ಊರು ಹೆಸರು ಗೊತ್ತಿಲ್ಲದ ಅಪರಿಚಿತರೊಂದಿಗೆ ಆಡುತ್ತಾಳೆ, ಈಗಲೂ ಒಂದೇ ಕಿವಿಯಿಂದ. ಕಳಕಮ್ಮ ಮಾತ್ರ ಆಟದ ಹೊತ್ತಿನಲ್ಲಿ ಕಾರಣವಿಲ್ಲದೆ ಆಗಾಗ ಒಂದು ಕೆಮ್ಮು ಕೆಮ್ಮುತ್ತಾರೆ.

ಇಂಥವರನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಮದುವೆಯ ಮಂಟಪದಲ್ಲಿ ಸಾಲಿನ ತುದಿಯ ಕುರ್ಚಿಯನ್ನೇ ಹಿಡಿಯುತ್ತಾರೆ, ಪುರಾಣ ಕೇಳಲು ಹೋದರೆ ಬಾಗಿಲ ಬಳಿಯ ಕಂಬಕ್ಕೇ ಒರಗುತ್ತಾರೆ. ಮನೆಗೆಲಸಗಳನ್ನು ಲೆಕ್ಕ ಹಾಕುವವರು ಗುಡಿಸುವುದನ್ನು, ತೊಳೆಯುವುದನ್ನು, ಬೇಯಿಸುವುದನ್ನು ಬರೆದುಕೊಳ್ಳುತ್ತಾರೆ. ಎಲ್ಲವೂ ಸರಿಯಾಗಿದ್ದಾಗಲೂ ಏನೋ ತಪ್ಪಿದೆಯೆಂದು ಅನುಮಾನಿಸುತ್ತಲೇ ಇರಬೇಕಾದ ಈ ಕೆಲಸವನ್ನು ಯಾರೂ ಬರೆದುಕೊಂಡಿಲ್ಲ. ಅದನ್ನು ಇನ್ನೊಬ್ಬರ ಕೈಗೆ ನಲವತ್ತು ನಿಮಿಷಕ್ಕೆ ಕೊಡಬಹುದು, ತನ್ನ ಮೈಯಿಂದ ಇಳಿಸಿ ಇಡಲಾಗದು. ಈ ಹೆಂಗಸರಿಗೆ ಯಾರಾದರೂ ನಿಜವಾದ ಪ್ರೀತಿಯಿಂದ ಒಂದಿಷ್ಟು ಬಿಡುವನ್ನು ತಂದುಕೊಟ್ಟರೂ ಅವರು ಅದನ್ನು ತಿರುಗಿಸಿ ನೋಡುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆಯುತ್ತಾರೆ; ಕೆಳಗೆ ಅದರ ಹಳೆಯ ಬೆಲೆ ಇದ್ದೇ ಇರುತ್ತದೆಂದು ಅವರಿಗೆ ಗೊತ್ತು.