ಬಾಗಿಲ ನಂಬರು ಅದಲುಬದಲು

ತಂಗಿ, ಮೊದ್ಲು ಅಳೋದು ನಿಲ್ಸು. ಅಂಗಡಿಗೆ ಬೀಗ ಬೀಳ್ಲಿಲ್ಲ. ಫೋನ್ ಮಾಡಿದ್ರೆ ಮಧ್ಯೆ ಬಾಯಿ ಹಾಕ್ತೀಯ, ಅದಕ್ಕೇ ವಾಟ್ಸಾಪಲ್ಲಿ ಮಾತಾಡಿ ಕಳಿಸ್ತಿದೀನಿ.

ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಇನ್ನೂ ಕಾದಿರ್ಲಿಲ್ಲ, ಪುರಸಭೆಯವರು ಇಬ್ರು ನನ್ನ ಹೆಸರು ಕೇಳ್ಕೊಂಡು ಬಂದ್ರು. ಮೂರು ವರ್ಷದ ಕಂದಾಯ ಬಾಕಿ, ಸಂಜೆ ಐದಕ್ಕೆ ಬೀಗ ಅಂದ್ರು. ಒಳಗೆ ಜನರ ಬಟ್ಟೆ ಎಪ್ಪತ್ತು ಜೊತೆ! ಬೀಗ ಬಿದ್ರೆ ಗಿರಾಕಿಗಳು ನನ್ನನ್ನೇ ಇಸ್ತ್ರಿ ಮಾಡ್ತಾರೆ. ನಾನೋ ಒಂದು ವರ್ಷನೂ ತಪ್ಪಿಸ್ದೋನಲ್ಲ. ರಸೀದಿ ಹಿಡ್ಕೊಂಡು ಪುರಸಭೆಗೆ ಓಡ್ದೆ. ಸಾಲಲ್ಲಿ ನಿಂತು ನನ್ನ ಸರದಿ ಬರೋ ಹೊತ್ತಿಗೆ ಮೂರು ಗಂಟೆ.

ಕೌಂಟರಲ್ಲಿದ್ದ ಹೆಂಗಸು ನೋಡಿ, "ಯಜಮಾನ್ರೇ, ಕಟ್ಟಿದೀರಿ ನಿಜ. ಆದ್ರೆ ಪಕ್ಕದ ಅಂಗಡಿ ನಂಬರಿಗೆ" ಅಂದ್ಲು.

ಆಗ ಹೊಳೀತು. ಮೂರು ವರ್ಷದ ಹಿಂದೆ ಗೋಡೆಗೆ ಬಣ್ಣ ಹೊಡೆದಾಗ ಬಣ್ಣದವನು ಎರಡೂ ಬಾಗಿಲಿನ ನಂಬರ್ ತಗಡು ಬಿಚ್ಚಿದ್ದ. ತಿರುಗಿ ಹೊಡೆಯುವಾಗ ನಂದು ಪಕ್ಕದವನಿಗೆ, ಅವಂದು ನನಗೆ. ನಾನು ಪೆದ್ದ, ತಗಡು ನೋಡ್ಕೊಂಡೇ ದುಡ್ಡು ಕಟ್ಟಿದೀನಿ.

"ಪಕ್ಕದವರು ಬಂದು, ಈ ದುಡ್ಡು ನಂದಲ್ಲ ಅಂತ ಬರೆದು ಸಹಿ ಹಾಕ್ಲಿ. ನಿಮ್ಮ ಲೆಕ್ಕಕ್ಕೆ ತಿರುಗಿಸ್ತೀನಿ" ಅಂದ್ಲು ಆ ಹೆಂಗಸು.

ಪಕ್ಕದವನು ಯಾರು? ಆ ಕತ್ತರಿ! ನನ್ನ ಅಂಗಡಿ ನೀರು ಅವನ ಹೊಸ್ತಿಲಿಗೆ ಹರೀತು ಅಂತ ಎರಡು ವರ್ಷದಿಂದ ಮಾತು ಬಿಟ್ಟಿರೋ ಕ್ಷೌರದವನು. ಹೋದೆ. ಒಬ್ಬನಿಗೆ ಅರ್ಧ ಗಡ್ಡ ತೆಗೆದಿದ್ದ.

"ನಿನ್ನ ಕಂದಾಯ ಯಾರು ಕಟ್ತಿದಾರೆ ಗೊತ್ತೇನೋ?"

"ನನ್ನ ಭಾವಮೈದ. ಪುರಸಭೇಲಿ ಅವನ ಮಾತು ನಡೆಯುತ್ತೆ."

"ಇಸ್ತ್ರಿ ದುಡ್ಡೇ ಕೊಡದೋನು ಕಂದಾಯ ಕಟ್ತಾನಾ? ಕಟ್ಟಿದ್ದು ನಾನು!"

ರಸೀದಿ ತಿರುಗಿಸಿ ತಿರುಗಿಸಿ ನೋಡ್ದ. ಮುಖ ಸಣ್ಣಗಾಯ್ತು. "ಸಹಿ ಹಾಕಿದ್ರೆ ಬೀಗ ನನಗೆ ಬೀಳುತ್ತಲ್ಲೋ."

"ಅದನ್ನೂ ಕೇಳ್ಕೊಂಡೇ ಬಂದಿದೀನಿ. ನಿನಗೆ ಹೊಸ ನೋಟೀಸು, ಕಂತಲ್ಲಿ ಕಟ್ಟಬಹುದು."

 ಅರ್ಧ ಗಡ್ಡದವನು ಕುರ್ಚಿಯಿಂದ್ಲೇ, "ಹೋಗಿ ಬಾರಯ್ಯ, ಬೇಕಾದ್ರೆ ಸಾಕ್ಷಿ ಸಹಿ ನಾನು ಹಾಕ್ತೀನಿ, ನನ್ನ ಇನ್ನೊಂದು ಕೆನ್ನೆ ಮಾತ್ರ ಮರೀಬೇಡ" ಅಂದ. ಕತ್ತರಿ ನಕ್ಕುಬಿಟ್ಟ. ಮೂರೂ ಜನ ಹೋದ್ವಿ, ಗಡ್ಡದವನು ನೊರೆ ಮುಖದಲ್ಲೇ!

ಸಹಿ ಆಯ್ತು, ಮೊಹರು ಬಿತ್ತು, ಐದಕ್ಕೆ ಹತ್ತು ನಿಮಿಷ. ಮೊಹರಿನ ಚೀಟಿ ಓದ್ತಾ ಪುರಸಭೆ ಮೆಟ್ಟಿಲ ಮೇಲೇ ಕೂತೆ.

"ಏಳೋ, ಅವರು ಬೀಗ ತಗೊಂಡು ಹೊರಟಿರ್ತಾರೆ" ಅಂತ ಕತ್ತರಿಯೇ ರಟ್ಟೆ ಹಿಡಿದು ಎಬ್ಬಿಸ್ದ. ಅಂಗಡಿಗೆ ಓಡಿದ್ವಿ, ಅವರು ಆಗ್ಲೇ ಬಂದು ನಿಂತಿದ್ರು. ಚೀಟಿ ತೋರಿಸ್ದೆ. ಬೀಗ ವಾಪಸ್ ಚೀಲಕ್ಕೆ ಹೋಯ್ತು, ತಂಗಿ. ಅಬ್ಬಾ! ಇವತ್ತು ನಿದ್ದೆ ಬರುತ್ತೆ.