ತುಕ್ಕುಗೈಯವಳು

ಅಝೇಲಿಯ ಕೈಗೆ ಆ ಹೆಸರು ಬಿದ್ದದ್ದು ಅವಳಿಗೆ ಹನ್ನೊಂದು ತುಂಬಿದ ವರ್ಷ. ಬಾತುಕೋಳಿ ಬೇಟೆ ಮುಗಿಸಿ ಬಂದ ಅಜ್ಜನ ಜೋಡಿನಳಿಗೆ ಬಂದೂಕನ್ನು ದೋಣಿಯಿಂದ ಇಳಿಸಿಕೊಂಡಿದ್ದಳು, ಅಷ್ಟೇ. ನಾಲ್ಕು ದಿನ ಬಿಟ್ಟು ಬಂದೂಕಿನ ಬೀರು ತೆರೆದರೆ ನಳಿಗೆಯ ಮೇಲೆ ನಾಲ್ಕು ಬೆರಳಿನ ಗುರುತು, ಇಟ್ಟಿಗೆ ಪುಡಿಯಲ್ಲಿ ಅದ್ದಿ ಒತ್ತಿದ ಹಾಗೆ.

"ಇವಳದು ತುಕ್ಕುಗೈ!" ಎಂದು ಚಿಕ್ಕಪ್ಪ ಎರಿಸ್ಟ್ ಕೂಗಿದ್ದ. ಕೆಲವರ ಬೆವರೇ ಹಾಗೆ, ಮುಟ್ಟಿದ ಕಬ್ಬಿಣವನ್ನು ತಿನ್ನುತ್ತದೆ ಎಂಬುದು ಲೂಯಿಸಿಯಾನದ ಆ ಜವುಗು ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅಂದಿನಿಂದ ಬೇಟೆಯ ಕಾಲ ಬಂದರೆ ಅವಳ ಪಾಲಿಗೆ ಪುಕ್ಕ ಕೀಳುವ ಕೆಲಸ. ಹದಿನಾರಕ್ಕೆ ಶಾಲೆ ಬಿಟ್ಟು ಸಿಗಡಿ ಸುಲಿಯುವ ಶೆಡ್ಡಿಗೆ ಸೇರಿದ ಮೇಲೆ ಕೈ ಇನ್ನಷ್ಟು ಉಪ್ಪಾಯಿತು. ಅವಳು ಏನೂ ಅನ್ನಲಿಲ್ಲ. ಅನ್ನುವ ಸ್ವಭಾವವೇ ಅವಳದಲ್ಲ. ನೋಡುವ ಸ್ವಭಾವ.

ಈಗ ಅವಳಿಗೆ ಇಪ್ಪತ್ತು. ಅಜ್ಜ ಉಲಿಸ್, ಮನೆಮಂದಿಗೆಲ್ಲ ಪೆಪೇರ್, ಮಂಡಿ ಹಿಡಿದುಕೊಂಡು ಕೂತಿದ್ದ. ಜವುಗಿನ ನಡುವೆ, ಬಾತುಕೋಳಿಗಳ ಕಣ್ಣಿಗೆ ಬೀಳದಂತೆ ಹುಲ್ಲು ಕಟ್ಟಿ ಮಾಡಿದ ಮರೆಯಲ್ಲಿ ನಲವತ್ತು ವರ್ಷ ಕೂತ ಜಾಗವನ್ನು ಈ ಸಲ ಬಿಟ್ಟುಕೊಡುವುದಾಗಿ ಹೇಳಿದ್ದ.

"ಜಾಗಾನೂ ನನ್ನ ಬಂದೂಕೂ ಯಾರಿಗೆ ಅಂತ ಒರೆಸೋ ದಿನ ಹೇಳ್ತೀನಿ."

ಒರೆಸುವ ದಿನವೆಂದರೆ ಬೇಟೆ ಶುರುವಾಗುವ ಮುನ್ನಾದಿನ. ಅಂದು ಮನೆಮಂದಿಯ ಎಂಟೂ ಬಂದೂಕು ಅಡುಗೆಮನೆಯ ಮೇಜಿಗೆ ಬರುತ್ತವೆ. ಪೆಪೇರ್ ಬಿಳಿ ಕರವಸ್ತ್ರದಿಂದ ಒಂದೊಂದನ್ನೂ ಉದ್ದಕ್ಕೆ ಒರೆಸುತ್ತಾನೆ. ವಸ್ತ್ರ ಕೆಂಪಾದರೆ ಆ ಬಂದೂಕಿನ ಒಡೆಯ ಮನೆಯಲ್ಲೇ ಕೂತು ಪುಕ್ಕ ಕೀಳಬೇಕು. ಅದು ಆ ಮನೆಯ ಕಟ್ಟಳೆ.

ಆ ಜಾಗ ತನಗೆ ಬೇಕು ಎಂದು ಅಝೇಲಿಗೆ ಎಷ್ಟು ಆಸೆಯಿತ್ತೆಂದರೆ, ಆ ಮಾತು ಬಂದಾಗಲೆಲ್ಲ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಬಿರುಗಾಳಿ ಬಂತು. ಮನೆ ಕಂಬಗಳ ಮೇಲಿದ್ದರಿಂದ ನೀರು ಒಳಗೆ ಬರಲಿಲ್ಲ. ಮೂರು ದಿನ ಕರೆಂಟು ಹೋಯಿತು. ಬೀರುವಿನ ತಳದಲ್ಲಿ ಹಗಲಿರುಳೂ ಬೆಚ್ಚಗಿದ್ದು ತೇವ ಹತ್ತದಂತೆ ಕಾಯುತ್ತಿದ್ದ ಕಂಬಿ ಕರೆಂಟು ಮರಳಿದಾಗ ಸತ್ತೇಹೋಗಿತ್ತು. ಒಳಗಿನ ತೇವ ತೋರಿಸುವ ಗಡಿಯಾರದಂಥ ಪುಟ್ಟ ಮಾಪಕದ ಮುಳ್ಳು ಐವತ್ತರಲ್ಲಿ ಇರಬೇಕಾದ್ದು ಎಪ್ಪತ್ತೆರಡಕ್ಕೆ ಏರಿ ನಿಂತಿತ್ತು.

ಎರಿಸ್ಟ್ ಅಂಗಡಿಯಿಂದ ಒಂದು ಡಬ್ಬಿ ತಂದ. ಬಟ್ಟೆ ಕಪಾಟಿನಲ್ಲಿ ಇಡುವಂಥದು, ಒಳಗೆ ಬಿಳಿ ಹರಳು. ವಾರದೊಳಗೆ ಡಬ್ಬಿಯಲ್ಲಿ ನೀರು ತುಂಬಿತು.

"ನೋಡಿದ್ಯಾ ಪಪ್ಪಾ, ಹೆಂಗೆ ಕುಡೀತಿದೆ! ನಮ್ಮೂರ ಕುಡುಕರಿಗಿಂತ ಜೋರು."

"ಕುಡಿದಿದ್ದು ಎಲ್ಲಿಗೆ ಹೋಗುತ್ತೋ?" ಎಂದ ಪೆಪೇರ್.

"ಅದರ ಹೊಟ್ಟೇಲೇ ಇರುತ್ತೆ. ಇನ್ನೆಲ್ಲಿಗೆ?"

ಅವರು ಹೊರಗೆ ಹೋದ ಮೇಲೆ ಅಝೇಲಿ ಡಬ್ಬಿಯ ಅಂಚಿಗೆ ಬೆರಳು ತಾಗಿಸಿದಳು. ಅಂಟಂಟು. ನಾಲಿಗೆಯ ತುದಿಗೆ ಮುಟ್ಟಿಸಿ ಥೂ ಎಂದು ಉಗಿದಳು. ಸಮುದ್ರಕ್ಕಿಂತ ಕಹಿಯಾದ ಉಪ್ಪು. ಶೆಡ್ಡಿನಲ್ಲಿ ಉಪ್ಪುನೀರಿನ ತೊಟ್ಟಿಯ ಪಕ್ಕದ ಮೊಳೆಗೆ ನೇತುಹಾಕಿದ ಚಾಕು, ನೀರು ಸೋಕದಿದ್ದರೂ, ಎರಡೇ ವಾರದಲ್ಲಿ ಕೆಂಪಾಗುವುದನ್ನು ಅವಳು ನಾಲ್ಕು ವರ್ಷದಿಂದ ನೋಡುತ್ತಿದ್ದಳು.

"ನಾಂಕ್," ಎಂದಳು ಆ ಸಂಜೆ, ತಾನು ಹಾಗೆ ಕರೆಯುವ ಚಿಕ್ಕಪ್ಪನ ತಟ್ಟೆಗೆ ಅನ್ನದ ಮೇಲೆ ಗಂಬೋ ಸಾರು ಬಡಿಸುತ್ತ, "ಆ ಡಬ್ಬೀಲಿರೋದು ಉಪ್ಪು."

"ಓಹೋ, ತುಕ್ಕುಗೈ ಮಾತಾಡ್ತು! ಬೀರೂಗೆ ನೀನು ಕೈ ಹಾಕದಿದ್ರೆ ಸಾಕು ಕಣೇ, ಉಪ್ಪು ಗಿಪ್ಪು ನಾನು ನೋಡ್ಕೋತೀನಿ."

ಅವಳು ಬಡಿಸುವುದನ್ನು ಮುಂದುವರಿಸಿದಳು.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಬೀರುವಿನ ತಳ ತಡಕಿದಳು. ಹಳೆಯ ಕಂಬಳಿಯ ಕೆಳಗೆ, ಬೀರು ಕೊಂಡಾಗಲೇ ಬಂದಿದ್ದ ಎರಡು ತಗಡಿನ ಡಬ್ಬಿ ಸಿಕ್ಕವು. ಅವುಗಳಲ್ಲಿ ತೇವ ಹೀರುವ ಒಣ ಮಣಿಗಳು. ಕಿಂಡಿಯಲ್ಲಿ ನೀಲಿಯಾಗಿ ಕಾಣಬೇಕಾದವು ಹೀರಿ ಹೀರಿ ಗುಲಾಬಿಯಾಗಿದ್ದವು. ಒಲೆಯ ಗೂಡಿನಲ್ಲಿಟ್ಟು ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಸಿ ಮಾಡಿದಳು. ನೀಲಿ ಮರಳಿತು.

ಬಂದೂಕುಗಳನ್ನು ಒರೆಸಿ ಎಣ್ಣೆ ಹಚ್ಚಬೇಕಿತ್ತು. ತೀರಿಹೋದ ಅಜ್ಜಿ ಇಗರ್ಜಿಗೆ ಹಾಕಿಕೊಳ್ಳುತ್ತಿದ್ದ ಬಿಳಿ ಹತ್ತಿ ಕೈಗವಸು ಪೆಟ್ಟಿಗೆಯಲ್ಲಿತ್ತು. ಹಾಕಿಕೊಂಡಳು. ಒಂಬತ್ತು ವರ್ಷದ ಮೇಲೆ ಆ ಜೋಡಿನಳಿಗೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಅವಳ ಎದೆ ಸಿಗಡಿಯ ಹಾಗೆ ಪಟಪಟ ಬಡಿದುಕೊಂಡಿತು. ಎಂಟನ್ನೂ ಒರೆಸಿ, ಮಣಿಯ ಡಬ್ಬಿಗಳನ್ನು ಒಳಗಿಟ್ಟು, ಉಪ್ಪಿನ ಡಬ್ಬಿಯನ್ನು ಹೊರಗೆ ಮೆಟ್ಟಿಲ ಕೆಳಗೆ ಇಟ್ಟಳು.

ಸಂಜೆಗೆ ಅದು ಬೀರುವಿಗೆ ವಾಪಸು ಬಂದಿತ್ತು. ಎಣ್ಣೆ ಮರದ ಹಿಡಿಗೆ ಇಳಿಯದಂತೆ ಬಂದೂಕುಗಳನ್ನು ಅಲ್ಲಿ ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸುವ ರೂಢಿ; ತನ್ನ ಸ್ವಂತ ಹೊಸ ಬಂದೂಕಿನ ಬಾಯಿಗೇ ಡಬ್ಬಿಯನ್ನು ಒತ್ತಿಟ್ಟಿದ್ದ ಎರಿಸ್ಟ್. ಮರುದಿನ ಅವಳು ತೆಗೆದಳು, ಅವನು ಇಟ್ಟ. ಮೂರನೆಯ ಸಲ ಅವಳು ಡಬ್ಬಿಯನ್ನು ಬಿಟ್ಟು ಜೋಡಿನಳಿಗೆಯನ್ನು ಎದುರು ಮೂಲೆಗೆ ಸರಿಸಿ, ಮಣಿಯ ಡಬ್ಬಿ ಎರಡನ್ನೂ ಅದರ ಕಾಲ ಬಳಿ ಕೂರಿಸಿದಳು. ನವೆಂಬರಿನವರೆಗೂ ಪ್ರತಿ ಭಾನುವಾರ ಮಣಿ ಬಿಸಿ ಮಾಡಿದಳು.

"ಏನೇ ಬೇಯಿಸ್ತಿದೀಯ, ವಾಸನೇನೇ ಇಲ್ಲ?" ಎಂದು ಒಮ್ಮೆ ಪೆಪೇರ್ ಕೇಳಿದ.

"ಏನಿಲ್ಲ, ಪೆಪೇರ್."

"ಏನಿಲ್ಲಾನ ಚೆನ್ನಾಗಿ ಬೇಯಿಸು. ಹಸಿ ಉಳಿಸಬೇಡ."

ಒರೆಸುವ ದಿನ ಬಂತು. ಪೆಪೇರ್ ಕನ್ನಡಕ ಹಾಕಿ ಕೂತ. ಒಂದು, ಎರಡು, ಆರು ಬಂದೂಕು ಒರೆಸಿದರೂ ವಸ್ತ್ರ ಬಿಳಿ. ಏಳನೆಯದು ಎರಿಸ್ಟನದು. ನಳಿಗೆಯ ಬಾಯಿಯ ಹತ್ತಿರ ವಸ್ತ್ರ ಓಡಿ ನಿಂತಿತು. ತಿರುಗಿಸಿ ನೋಡಿದರೆ ಕೆಂಪು.

"ಅಯ್ಯೋ! ಇವಳು ಮುಟ್ಟಿದಾಳೆ ಪಪ್ಪಾ! ಕೇಳು ಬೇಕಾದ್ರೆ!"

"ಮುಟ್ಟಿದ್ದೀಯೇನೇ?"

ಅಝೇಲಿಗೆ ಪಾತ್ರೆ ತೊಳೆಯಲು ಏಳಬೇಕೆನಿಸಿತು. ಏಳಲಿಲ್ಲ.

"ಎಂಟನ್ನೂ ಮುಟ್ಟಿದೀನಿ, ಪೆಪೇರ್. ಕೈಗವಸು ಹಾಕ್ಕೊಂಡು. ನಾಂಕ್ ಬಂದೂಕು ಕೆಂಪಾಗಿರೋದು ಬಾಯಿ ಹತ್ರ ಮಾತ್ರ, ಆ ಡಬ್ಬಿ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ. ಅದು ಉಪ್ಪು ಅಂತ ಹೇಳಿದ್ದೆ."

ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಆ ಅಡುಗೆಮನೆ ಕಂಡಿರಲಿಲ್ಲ. ಪೆಪೇರ್ ಡಬ್ಬಿ ತರಿಸಿ ಬಂದೂಕಿನ ಪಕ್ಕದಲ್ಲಿಟ್ಟ. ಕೆಂಪು ಡಬ್ಬಿಯ ಎತ್ತರಕ್ಕೇ ನಿಂತಿತ್ತು.

ಎಂಟನೆಯದು ಜೋಡಿನಳಿಗೆ. ವಸ್ತ್ರದ ಹೊಸ ಮಡಿಕೆ ತುದಿಯಿಂದ ಬುಡದವರೆಗೆ ಹೋಗಿ ಹಾಗೆಯೇ ಬಿಳಿಯಾಗಿ ಬಂತು.

"ತಗೋ," ಎಂದ ಪೆಪೇರ್.

ಅವಳು ಕೈಗವಸು ಹುಡುಕಿದಳು.

"ಬರಿಗೈಲಿ ತಗೋಳೇ."

"ನನ್ನ ಕೈ..."

ಮುದುಕ ತನ್ನ ಅಂಗೈಯನ್ನು ಎರಿಸ್ಟನ ಬಂದೂಕಿನ ಮೇಲೆ ಒತ್ತಿ ಎತ್ತಿದ. "ಇದನ್ನ ಹಿಂಗೇ ಬಿಡಿ. ನಾಲ್ಕು ದಿನ ಆದ್ಮೇಲೆ ನೋಡಿ, ನನ್ನ ಐದೂ ಬೆರಳು ಅಲ್ಲಿರ್ತವೆ. ನಂದೂ ತುಕ್ಕುಗೈಯೇ, ಮರಿ. ಕರವಸ್ತ್ರ ಯಾಕೆ ಇಟ್ಕೊಂಡಿರ್ತೀನಿ ಅಂದ್ಕೊಂಡೆ, ಮೂಗು ಒರೆಸೋಕಾ?"

"ಅವತ್ತೇ ಹೇಳ್ಬಾರ್ದಿತ್ತಾ, ಪೆಪೇರ್?"

"ಹೇಳ್ಬೇಕಿತ್ತು," ಎಂದ ಮುದುಕ. "ಅವತ್ತು ಬೀರೂಗೆ ಇಡೋ ಮುಂಚೆ ನಾನು ಬಂದೂಕು ಒರೆಸೋದು ಮರೆತಿದ್ದೆ. ಒಪ್ಕೊಳ್ಳೋಕೆ ನಾಚಿಕೆ ಆಯ್ತು."

ಅವಳಿಗೆ ಕೋಪ ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಆದರೆ ಬಂದೂಕು ಆಗಲೇ ಕೈಯಲ್ಲಿತ್ತು. ತಣ್ಣಗೆ, ಭಾರವಾಗಿ.

ಮರುದಿನ ಅವಳು ಮರೆಯಿಂದ ಮೂರು ಬಾತುಕೋಳಿ ಹೊಡೆದು, ಐದಕ್ಕೆ ಗುರಿ ತಪ್ಪಿ ಮನೆಗೆ ಬಂದಳು. ಎರಿಸ್ಟ್ ಜಗುಲಿಯಲ್ಲಿ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದ.

"ಮೂರೇನಾ? ಇಷ್ಟಕ್ಕೆ ನನ್ನ ಕೂರಿಸಿದ್ರಾ?"

"ರೆಕ್ಕೆ ಬುಡದಲ್ಲಿ ಸರಿಯಾಗಿ ಕೀಳಿ, ನಾಂಕ್," ಎಂದಳು ಅಝೇಲಿ. "ನೀವು ಅಲ್ಲೇ ಬಿಟ್ಬಿಡ್ತೀರ."

ಒಳಗೆ ಪೆಪೇರ್ ನಗುವುದು ಕೇಳಿಸಿತು. ಅವಳು ಮೆಟ್ಟಿಲ ಮೇಲೆ ಕೂತು, ಜೇಬಿನಿಂದ ಹೊಸ ಬಿಳಿ ಕರವಸ್ತ್ರ ತೆಗೆದು, ಮೊದಲು ತನ್ನ ಬೆರಳುಗಳು ಇದ್ದ ಜಾಗವನ್ನು ಒರೆಸತೊಡಗಿದಳು.